ಸ್ಕಾಟ್ಲೆಂಡಿನ ಹಳ್ಳಿಗಾಡಿಗೆ ರಜಕ್ಕೆ ಬರೋರು ಪದೇ ಪದೇ ಕೇಳುವ ಪ್ರಶ್ನೆಗಳು

ಏಪ್ರಿಲ್ ಬಂತು ಅಂದರೆ ನನ್ನ ಫೋನು ಸುಮ್ಮನಿರುವುದಿಲ್ಲ. ಮೈಸೂರಿನಿಂದ ಚಿಕ್ಕಮ್ಮ, ಲಂಡನ್ನಿನಿಂದ ಗೆಳೆಯರು, ಆ ಗೆಳೆಯರ ಆಫೀಸಿನವರು, ಎಲ್ಲರದ್ದೂ ಒಂದೇ ಮಾತು: "ಆ ಕಡೆ ಬರ್ತಿದ್ದೀವಿ, ಏನೇನು ನೋಡೋದು?" ಅದೇ ಉತ್ತರವನ್ನು ಮತ್ತೆ ಮತ್ತೆ ಟೈಪ್ ಮಾಡಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ. ಇಡೀ ಸ್ಕಾಟ್ಲೆಂಡಿನ ವಿಷಯ ಅಲ್ಲ. ನನಗೆ ಚೆನ್ನಾಗಿ ಗೊತ್ತಿರುವುದು ಪರ್ತ್‌ಶೈರ್‌ನ ಗುಡ್ಡಗಾಡು, ಅಂದರೆ ಡಂಕೆಲ್ಡ್, ಪಿಟ್‌ಲಾಖ್ರಿ, ಅಬರ್‌ಫೆಲ್ಡಿ, ಕೆನ್‌ಮೋರ್, ಟೇ ನದಿ ಮತ್ತು ಅದರ ಸುತ್ತಮುತ್ತ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಬಿಟ್ಟಿದ್ದೇನೆ.

## ಹೊರಡುವ ಮುಂಚೆ

ಐದು ದಿನ ಇದೆ. ಎಡಿನ್‌ಬರಾ, ಗ್ಲೆನ್‌ಕೋ, ಸ್ಕೈ, ಲಾಖ್ ನೆಸ್ ಎಲ್ಲಾ ಮುಗಿಸಿಬಿಡಬಹುದಾ?

ಮುಗಿಸಬಹುದು, ಕಾರಿನ ಕಿಟಕಿಯಿಂದ. ಮ್ಯಾಪಿನಲ್ಲಿ ಹತ್ತಿರ ಕಾಣುತ್ತದೆ, ಆದರೆ ರಸ್ತೆಗಳು ಸಣ್ಣವು, ಲಾಖ್‌ಗಳನ್ನು, ಅಂದರೆ ಸರೋವರಗಳನ್ನು, ಸುತ್ತಿಕೊಂಡು ಹೋಗಬೇಕು. ನನ್ನ ಭಾವನ ಮನೆಯವರು ಒಂದು ಸಲ ಹೀಗೇ ಮಾಡಿದರು. ಐದನೇ ದಿನ ನಮ್ಮನೆಗೆ ಬಂದು ಕೂತಾಗ ಮಕ್ಕಳಿಗೆ ನೆನಪಿದ್ದದ್ದು ಎರಡು ಪೆಟ್ರೋಲ್ ಬಂಕು ಮತ್ತು ಒಂದು ವಾಂತಿ. ಎಡಿನ್‌ಬರಾದಲ್ಲಿ ಒಂದು ದಿನ ಇರಿ, ಉಳಿದ ನಾಲ್ಕು ದಿನ ಒಂದೇ ಹಳ್ಳಿಯಲ್ಲಿ ಟೆಂಟ್ ಊರಿದ ಹಾಗೆ ಕೂತುಬಿಡಿ. ಬೆಳಿಗ್ಗೆ ಒಂದು ಕಡೆ ನಡೆಯಿರಿ, ಮಧ್ಯಾಹ್ನ ಸೂಪು ಕುಡಿಯಿರಿ, ಸಂಜೆ ನದಿ ದಡದಲ್ಲಿ ಓಡಾಡಿ. ಮೂರನೇ ದಿನ ಅಂಗಡಿಯವರು ನಿಮ್ಮನ್ನು ಗುರುತು ಹಿಡಿದು ಮಾತಾಡಿಸುತ್ತಾರೆ. ಇಲ್ಲಿನ ಹಳ್ಳಿ ರಜದ ಮಜಾ ಶುರುವಾಗುವುದೇ ಆಮೇಲೆ.

ಯಾವ ತಿಂಗಳು ಬಂದರೆ ಒಳ್ಳೇದು?

ನನ್ನ ಓಟು ಮೇ ತಿಂಗಳಿಗೆ. ಕಾಡಿನ ನೆಲದ ತುಂಬ ನೀಲಿ ಬ್ಲೂಬೆಲ್ ಹೂವು, ಹೊಲದ ತುಂಬ ಕುರಿಮರಿಗಳು, ಕಚ್ಚುವ ಹುಳದ ಕಾಟ ಇನ್ನೂ ಅಷ್ಟಾಗಿ ಇರುವುದಿಲ್ಲ. ಜೂನ್ ನಡುವಿನಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತರ ಹೊತ್ತಿಗೆ, ಹುಟ್ಟುವುದು ನಾಲ್ಕೂವರೆಗೆ. ಊಟ ಮುಗಿಸಿ ವಾಕಿಂಗ್ ಹೋದರೂ ಬೆಳಕಿರುತ್ತದೆ, ಮಕ್ಕಳನ್ನು ಮಲಗಿಸುವುದು ಮಾತ್ರ ದೊಡ್ಡ ಕಷ್ಟ. ಆಗಸ್ಟ್‌ನಲ್ಲಿ ಗುಡ್ಡಗಳೆಲ್ಲ ಹೆದರ್ ಹೂವಿನಿಂದ ನೇರಳೆ ಆಗುತ್ತವೆ, ಜನ ಮತ್ತು ಬಾಡಿಗೆ ಎರಡೂ ಜಾಸ್ತಿ. ಅಕ್ಟೋಬರ್‌ನಲ್ಲಿ ಎಲೆಗಳ ಬಣ್ಣ ನೋಡಬೇಕು, ಈ ಭಾಗಕ್ಕೆ ಮರಗಳ ನಾಡು ಅಂತಲೇ ಹೆಸರು. ಡಿಸೆಂಬರ್‌ನಲ್ಲಿ ಮಧ್ಯಾಹ್ನ ಮೂರೂವರೆ ದಾಟಿದರೆ ಕತ್ತಲೆ. ಬೆಂಕಿ ಮುಂದೆ ಪುಸ್ತಕ ಹಿಡಿದು ಕೂರುವವರು ಬರಬಹುದು, ಉಳಿದವರು ಬೇಡ.

ಅಲ್ಲಿ ಯಾವಾಗ್ಲೂ ಮಳೆಯಂತೆ, ಬಂದು ಏನ್ ಮಾಡೋದು?

ಎಡಿನ್‌ಬರಾದಲ್ಲಿ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ. ಬೆಂಗಳೂರಿನಲ್ಲಿ ಅದಕ್ಕಿಂತ ಜಾಸ್ತಿ ಬೀಳುತ್ತದೆ, ಆಗುಂಬೆಯ ಮಾತಂತೂ ಬಿಡಿ. ವ್ಯತ್ಯಾಸ ಏನಪ್ಪಾ ಅಂದರೆ ನಮ್ಮ ಮಳೆ ಧೋ ಎಂದು ಸುರಿದು ಲೆಕ್ಕ ಮುಗಿಸುತ್ತದೆ, ಇಲ್ಲಿಯದ್ದು ಜಿನುಗುತ್ತಲೇ ಇರುತ್ತದೆ. ಪಶ್ಚಿಮ ಕರಾವಳಿಗೆ ಹೋದಷ್ಟೂ ಹೆಚ್ಚು, ಪೂರ್ವಕ್ಕೆ ಬಂದಷ್ಟೂ ಕಡಿಮೆ. ಮೋಡ ಮುಸುಕಿ, ತೇವ ಹಿಡಿದು, ಮನಸ್ಸಿಗೂ ಮಂಕು ಕವಿಯುವ ದಿನಕ್ಕೆ ಇಲ್ಲಿಯವರು "ಡ್ರೀಖ್" ಅನ್ನುತ್ತಾರೆ. ಆ ಶಬ್ದ ಹೇಳುವಾಗ ಗಂಟಲಲ್ಲಿ ಬರುವ ಖರಖರವೇ ಅರ್ಧ ಅರ್ಥ ಹೇಳಿಬಿಡುತ್ತದೆ.

ಛತ್ರಿ ತರಬೇಡಿ, ಗಾಳಿಗೆ ಮೊದಲ ದಿನವೇ ಉಲ್ಟಾ ಆಗುತ್ತದೆ. ತಲೆ ಮುಚ್ಚುವ ಒಳ್ಳೆ ರೇನ್‌ಕೋಟು, ನೀರು ಹೋಗದ ಬೂಟು, ಎರಡು ಜೊತೆ ಹೆಚ್ಚುವರಿ ಕಾಲುಚೀಲ ಇದ್ದರೆ ಸಾಕು. ಜೀನ್ಸ್ ಒದ್ದೆಯಾದರೆ ದಿನವಿಡೀ ಒಣಗುವುದಿಲ್ಲ. ಜುಲೈನಲ್ಲೂ ಸ್ವೆಟರ್ ಬೇಕು, ಹಗಲಲ್ಲೇ 18-19 ಡಿಗ್ರಿ ಬಂದರೆ ಇಲ್ಲಿಯವರು ಬನಿಯನ್ನಿನಲ್ಲಿ ಓಡಾಡುತ್ತಾರೆ.

ಕಾರು ಬೇಕೇ ಬೇಕಾ? ಇಂಡಿಯಾ ಲೈಸೆನ್ಸ್ ನಡೆಯುತ್ತಾ?

ಪಿಟ್‌ಲಾಖ್ರಿಯಲ್ಲಿ ಉಳಿಯುವುದಾದರೆ ಕಾರಿಲ್ಲದೆ ಸಲೀಸಾಗಿ ಆಗುತ್ತದೆ. ಎಡಿನ್‌ಬರಾದಿಂದ ರೈಲಿನಲ್ಲಿ ಹತ್ತಿರ ಹತ್ತಿರ ಎರಡು ಗಂಟೆ. ಅದೇ ಇನ್ವರ್ನೆಸ್ ಲೈನಿನಲ್ಲಿ ಡಂಕೆಲ್ಡ್, ಬ್ಲೇರ್ ಅಥಾಲ್ ಕೂಡ ಸಿಗುತ್ತವೆ. ಸ್ಟೇಷನ್ನಿನಿಂದ ಇಳಿದು ನಡೆದೇ ಅಣೆಕಟ್ಟು, ಕಾಡು, ಡಿಸ್ಟಿಲರಿ ಎಲ್ಲ ನೋಡಬಹುದು. ಅಬರ್‌ಫೆಲ್ಡಿಗೆ ರೈಲಿಲ್ಲ, ಬಸ್ಸಿದೆ. ಆದರೆ ನಮ್ಮ ಸಿಟಿ ಬಸ್ಸಿನ ಹಾಗೆ ಒಂದು ಹೋದರೆ ಇನ್ನೊಂದು ಅಂತ ನಿಲ್ಲಬೇಡಿ, ಸಮಯ ನೋಡಿಕೊಂಡೇ ಹೋಗಬೇಕು.

ಲೈಸೆನ್ಸ್ ವಿಷಯ: ಪ್ರವಾಸಕ್ಕೆ ಬಂದವರು ಭಾರತದ ಲೈಸೆನ್ಸಿನಲ್ಲೇ 12 ತಿಂಗಳವರೆಗೆ ಕಾರು ಓಡಿಸಬಹುದು. ಇಲ್ಲೂ ಎಡಗಡೆಯೇ ಓಡಿಸುವುದು, ಅದೊಂದು ನೆಮ್ಮದಿ. ಆಟೋಮ್ಯಾಟಿಕ್ ಬೇಕಿದ್ದರೆ ಮೊದಲೇ ಹೇಳಿ ಬುಕ್ ಮಾಡಿ. ನನಗೆ ಒಂದು ಸಲ ಬಾಡಿಗೆ ಕಾರಿನವರು ಆಟೋಮ್ಯಾಟಿಕ್ ಅಂತ ಹೇಳಿ ಗೇರಿನ ಗಾಡಿ ಕೊಟ್ಟು, "ಇವತ್ತು ಇದೊಂದೇ ಇರೋದು" ಅಂದುಬಿಟ್ಟರು. ಹತ್ತು ವರ್ಷ ಕ್ಲಚ್ ಮುಟ್ಟದವರನ್ನು ಕರೆದುಕೊಂಡು ಗುಡ್ಡದ ರಸ್ತೆಗೆ ಹೋದ ಆ ದಿನ ನೆನೆಸಿಕೊಂಡರೆ ಈಗಲೂ ಬೆವರು ಬರುತ್ತದೆ.

ಒಂದೇ ಗಾಡಿ ಹಿಡಿಸೋ ರಸ್ತೆ ಅಂತಾರಲ್ಲ, ಎದುರಿಗೆ ಲಾರಿ ಬಂದರೆ ಗತಿ?

ಗಾಬರಿ ಬೇಡ. ಅಲ್ಲಲ್ಲಿ ರಸ್ತೆಯನ್ನು ಸ್ವಲ್ಪ ಅಗಲ ಮಾಡಿ ಬಿಳಿ ಬೋರ್ಡು ನೆಟ್ಟಿರುತ್ತಾರೆ, ಅದಕ್ಕೆ ಪಾಸಿಂಗ್ ಪ್ಲೇಸ್ ಅನ್ನುತ್ತಾರೆ. ಅದು ನಿಮ್ಮ ಎಡಕ್ಕಿದ್ದರೆ ಒಳಗೆ ಸರಿದು ನಿಲ್ಲಿ. ಬಲಕ್ಕಿದ್ದರೆ ನೀವು ಆ ಕಡೆ ದಾಟಬೇಡಿ, ಅದರ ಎದುರಿಗೆ ನಿಮ್ಮ ಬದಿಯಲ್ಲೇ ನಿಲ್ಲಿ, ಎದುರಿನವರು ಒಳಗೆ ಸರಿದು ಹೋಗುತ್ತಾರೆ. ಏರು ಹತ್ತಿ ಬರುವವರಿಗೆ ದಾರಿ ಬಿಡುವುದು ರೂಢಿ. ಹಿಂದೆ ಸ್ಥಳೀಯರ ಗಾಡಿ ಅಂಟಿಕೊಂಡಿದ್ದರೆ ಅವರಿಗೂ ಅಲ್ಲೇ ದಾರಿ ಬಿಡಿ, ಅವರು ಕೆಲಸಕ್ಕೆ ಹೊರಟಿರುತ್ತಾರೆ. ದಾಟುವಾಗ ಸ್ಟಿಯರಿಂಗ್ ಮೇಲಿಂದ ಒಂದು ಬೆರಳು ಎತ್ತಬೇಕು, ಅದೇ ಥ್ಯಾಂಕ್ಸ್. ಎತ್ತದಿದ್ದರೆ ಯಾರೂ ಬೈಯುವುದಿಲ್ಲ, ಆದರೆ ನೆನಪಿಟ್ಟುಕೊಳ್ಳುತ್ತಾರೆ. ಆ ಜಾಗದಲ್ಲಿ ಕಾರು ನಿಲ್ಲಿಸಿ ಫೋಟೋ ತೆಗೆಯಲು ಮಾತ್ರ ಹೋಗಬೇಡಿ.

## ಉಳಿಯೋದು, ಉಣ್ಣೋದು

ಹೋಟೆಲ್ ಮಾಡೋದಾ, ಮನೆ ಬಾಡಿಗೆಗೆ ತಗೊಳ್ಳೋದಾ?

ಎರಡು ರಾತ್ರಿಗಾದರೆ ಬಿ ಆ್ಯಂಡ್ ಬಿ: ಯಾರದೋ ಮನೆಯ ರೂಮು, ಬೆಳಿಗ್ಗೆ ಭರ್ಜರಿ ತಿಂಡಿ, ಮನೆಯವರ ಹತ್ತಿರ ಊರಿನ ಸುದ್ದಿ. ನಾಲ್ಕು ಜನ, ಒಂದು ವಾರ ಅಂದರೆ ಅಡುಗೆಮನೆ ಇರುವ ಕಾಟೇಜು. ಬೇಸಿಗೆಯಲ್ಲಿ ಅನೇಕರು ಶನಿವಾರದಿಂದ ಶನಿವಾರಕ್ಕೆ ಮಾತ್ರ ಕೊಡುತ್ತಾರೆ, ಹಾಗಾಗಿ ವಿಮಾನದ ಟಿಕೆಟ್ಟಿಗೆ ಮುಂಚೆ ಮನೆ ನೋಡಿ.

ಅಡುಗೆಮನೆ ಬಗ್ಗೆ ಒಂದು ಎಚ್ಚರಿಕೆ. 2022ರ ಫೆಬ್ರವರಿಯಿಂದ ಸ್ಕಾಟ್ಲೆಂಡಿನ ಮನೆಗಳಲ್ಲಿ ಬೆಂಕಿ ಅಲಾರಂಗಳು ಒಂದಕ್ಕೊಂದು ಜೋಡಿಸಿರಬೇಕು ಅಂತ ಕಾನೂನು ಇದೆ. ಅಂದರೆ ನಡುಮನೆಯಲ್ಲಿ ಒಂದು ಕೂಗಿದರೆ ಮಾಳಿಗೆಯಲ್ಲಿರುವುದೂ ಕೂಗುತ್ತದೆ. ನಮ್ಮತ್ತೆ ಬಂದ ಮೊದಲ ಸಂಜೆ ಸಾರಿಗೆ ಒಗ್ಗರಣೆ ಹಾಕಿದರು. ಎಣ್ಣೆ ಕಾದಿತ್ತು, ಸಾಸಿವೆ ಸಿಡಿಯಿತು, ಇಂಗು ಬಿತ್ತು, ಎರಡು ಒಣಮೆಣಸಿನಕಾಯಿ ಕಪ್ಪಗಾದವು. ಅಷ್ಟೇ. ಇಡೀ ಮನೆ ಒಟ್ಟಿಗೆ ಕೂಗಿಕೊಂಡಿತು, ಪಕ್ಕದ ಹೊಲದ ಕುರಿಗಳು ತಲೆಯೆತ್ತಿ ನೋಡಿದವು, ಅತ್ತೆ ಸೌಟು ಹಿಡಿದುಕೊಂಡೇ ಅಂಗಳಕ್ಕೆ ಓಡಿದರು. ಅಡುಗೆಮನೆ ಬಾಗಿಲು ಹಾಕಿ, ಕಿಟಕಿ ತೆಗೆದು, ಆಮೇಲೆ ಒಗ್ಗರಣೆ.

ನಾವು ಪ್ಯೂರ್ ವೆಜ್. ಹಳ್ಳಿಯಲ್ಲಿ ಏನು ಸಿಗುತ್ತೆ? ಮನೆಯಿಂದ ಏನು ತರಬಹುದು?

ನೀವು ಅಂದುಕೊಂಡಷ್ಟು ಕಷ್ಟ ಇಲ್ಲ. ಹ್ಯಾಗಿಸ್ ಅಂದರೆ ಕುರಿಯ ಒಳಾಂಗಗಳನ್ನು ಓಟ್ಸ್ ಜೊತೆ ಬೇಯಿಸಿದ್ದು, ಆದರೆ ಅದರದ್ದೇ ಸಸ್ಯಾಹಾರಿ ತಮ್ಮ ಒಬ್ಬನಿದ್ದಾನೆ: ಓಟ್ಸ್, ಕಾಳು, ತರಕಾರಿ, ಚೆನ್ನಾಗಿ ಮೆಣಸು. ಬೇಯಿಸಿ ಹಿಸುಕಿದ ಆಲೂಗಡ್ಡೆ ಮತ್ತು ಟರ್ನಿಪ್ ಜೊತೆ ಕೊಡುತ್ತಾರೆ. ಅನುಮಾನದಿಂದ ಶುರು ಮಾಡಿ ತಟ್ಟೆ ಖಾಲಿ ಮಾಡಿದವರನ್ನು ಕಂಡಿದ್ದೇನೆ. ಬೆಳಿಗ್ಗೆ ಪಾರಿಜ್ ಅಂದರೆ ಓಟ್ಸ್ ಗಂಜಿ, ಹಳಬರು ಉಪ್ಪು ಹಾಕಿಯೇ ತಿನ್ನುತ್ತಾರೆ. ಉಪ್ಪಿನಕಾಯಿ ಬ್ಯಾಗಿನಲ್ಲಿದ್ದರೆ ನೀವು ಗೆದ್ದಿರಿ. ಟ್ಯಾಬ್ಲೆಟ್ ಅಂತ ಒಂದು ಸಿಹಿ ಇದೆ, ಸಕ್ಕರೆ, ಬೆಣ್ಣೆ, ಕಂಡೆನ್ಸ್‌ಡ್ ಹಾಲು ಸೇರಿಸಿ ಕಾಯಿಸಿ ಕತ್ತರಿಸಿದ್ದು. ನಮ್ಮ ಬರ್ಫಿಯ ದೂರದ ಸಂಬಂಧಿ, ಹಲ್ಲು ಜುಮ್ಮೆನ್ನುವಷ್ಟು ಸಿಹಿ.

ಮೋಸ ಹೋಗುವುದು ಸೂಪಿನಲ್ಲಿ. ಬೇಳೆ ಸೂಪು ಅಂತ ಬರೆದಿರುತ್ತದೆ, ನೋಡಲು ನಮ್ಮ ತೊವ್ವೆಯ ಹಾಗೇ ಇರುತ್ತದೆ, ಆದರೆ ಹಳೇ ಪದ್ಧತಿಯಲ್ಲಿ ಅದನ್ನು ಹಂದಿಮಾಂಸ ಬೇಯಿಸಿದ ನೀರಲ್ಲಿ ಮಾಡುತ್ತಾರೆ. "ಇದು ವೆಜಿಟೇರಿಯನ್ನಾ" ಅಂತಷ್ಟೇ ಕೇಳಬೇಡಿ, "ಸ್ಟಾಕ್ ಯಾವುದರದ್ದು" ಅಂತ ಕೇಳಿ. ಇನ್ನೊಂದು, ರಾತ್ರಿ ಎಂಟು, ಎಂಟೂವರೆಗೆ ಅಡುಗೆಮನೆ ಮುಚ್ಚುವ ಊರುಗಳೇ ಹೆಚ್ಚು. ಒಂಬತ್ತಕ್ಕೆ ಊಟಕ್ಕೆ ಹೋಗುವ ಬೆಂಗಳೂರು ಅಭ್ಯಾಸ ಇಲ್ಲಿ ಉಪವಾಸ ಕೆಡವುತ್ತದೆ.

ಭಾರತದಿಂದ ಹಾಲು ಮತ್ತು ಮಾಂಸದ ಪದಾರ್ಥ ತರುವಂತಿಲ್ಲ. ಹಾಗಾಗಿ ಪೇಡಾ, ತುಪ್ಪದ ಡಬ್ಬಿ ಬಿಟ್ಟು ಬನ್ನಿ. ಸಾರಿನ ಪುಡಿ, ಚಟ್ನಿಪುಡಿ, ಅವಲಕ್ಕಿ ತಂದರೆ ಒಂದು ವಾರ ದಾಟಿಸಬಹುದು. ತುಪ್ಪ ಬೇಕೇ ಬೇಕು ಅನ್ನುವವರು ಇಲ್ಲಿಯ ಬೆಣ್ಣೆ ತಂದು ಕಾಯಿಸಿಕೊಳ್ಳಿ, ಬಹಳ ಚೆನ್ನಾಗಿ ಬರುತ್ತದೆ.

## ದಿನ ಹೇಗೆ ಕಳೆಯೋದು

ಅಪ್ಪ ಅಮ್ಮನಿಗೆ ಎಪ್ಪತ್ತಾಯ್ತು, ಮಂಡಿ ನೋವು ಬೇರೆ. ಅವರು ಬಂದು ಏನು ಮಾಡ್ತಾರೆ?

ಡಂಕೆಲ್ಡ್ ಹತ್ತಿರದ ಹರ್ಮಿಟೇಜ್ ಕಾಡಿಗೆ ಕರೆದುಕೊಂಡು ಹೋಗಿ. ದಾರಿ ಬಹುಪಾಲು ಸಮತಟ್ಟು, ಬ್ರಾನ್ ಹೊಳೆಯ ಪಕ್ಕದಲ್ಲೇ ಸಾಗುತ್ತದೆ, ಎರಡೂ ಕಡೆ ಡಗ್ಲಸ್ ಫರ್ ಮರಗಳು, ತುದಿ ನೋಡಲು ಹೋದರೆ ಟೋಪಿ ಬೀಳುತ್ತದೆ. ಕೊನೆಗೆ ಜಲಪಾತದ ಮೇಲೆ ಒಂದು ಮಂಟಪ. ಈ ಮರಕ್ಕೆ ಹೆಸರು ಕೊಟ್ಟ ಡೇವಿಡ್ ಡಗ್ಲಸ್ ಹುಟ್ಟಿದ್ದು ಇಲ್ಲೇ ಪರ್ತ್ ಪಕ್ಕದ ಸ್ಕೂನ್‌ನಲ್ಲಿ, 1799ರಲ್ಲಿ. ಅಮೆರಿಕದಿಂದ ಬೀಜ ಕಳಿಸಿದವನು ಅವನೇ.

ಆಮೇಲೆ ಪಿಟ್‌ಲಾಖ್ರಿಯ ಅಣೆಕಟ್ಟು. ಸಾಲ್ಮನ್ ಮೀನು ಮೊಟ್ಟೆ ಇಡಲು ಸಮುದ್ರದಿಂದ ನದಿಯ ಮೇಲಕ್ಕೆ ಬರುತ್ತದೆ. ಅಣೆಕಟ್ಟು ಅಡ್ಡ ಬಂದರೆ? ಅದಕ್ಕೆ 310 ಮೀಟರ್ ಉದ್ದದ ಮೀನಿನ ಏಣಿ ಕಟ್ಟಿದ್ದಾರೆ, 34 ತೊಟ್ಟಿಗಳು, ಒಂದಕ್ಕಿಂತ ಒಂದು ಸ್ವಲ್ಪ ಎತ್ತರ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಮೀನು ಹತ್ತುತ್ತವೆ. ಅಪ್ಪಂದಿರಿಗೆ ಈ ಜಾಗ ಯಾಕೋ ಬಹಳ ಇಷ್ಟ, ಎಂಜಿನಿಯರಿಂಗ್ ನೋಡುತ್ತಾ ನಿಂತರೆ ಊಟಕ್ಕೆ ಕರೆದರೂ ಬರುವುದಿಲ್ಲ. ಕ್ವೀನ್ಸ್ ವ್ಯೂ ಅನ್ನೋ ಜಾಗಕ್ಕೆ ಕಾರು ಹತ್ತಿರದವರೆಗೂ ಹೋಗುತ್ತದೆ. ವಿಕ್ಟೋರಿಯಾ ರಾಣಿ 1866ರಲ್ಲಿ ಬಂದಾಗ ತನ್ನ ಹೆಸರೇ ಇಟ್ಟಿದ್ದಾರೆ ಅಂದುಕೊಂಡಳಂತೆ. ಅದು ಅವಳಿಗಿಂತ ಐನೂರು ವರ್ಷ ಹಿಂದಿನ ಇನ್ನೊಬ್ಬ ರಾಣಿ ಇಸಬೆಲ್ಲಾಳ ಹೆಸರು ಅಂತ ಇಲ್ಲಿಯವರು ಹೇಳುತ್ತಾರೆ.

ಮಕ್ಕಳಿಗೆ ಬೋರ್ ಆಗಲ್ವಾ? ಥೀಮ್ ಪಾರ್ಕ್ ಏನಾದ್ರೂ ಇದೆಯಾ?

ಇಲ್ಲ, ಬೇಕಾಗಿಯೂ ಇಲ್ಲ. ಕೆನ್‌ಮೋರ್ ಹತ್ತಿರ ಟೇ ಸರೋವರದ ದಡದಲ್ಲಿ ಕ್ರ್ಯಾನಗ್ ಸೆಂಟರ್ ಇದೆ. ಸುಮಾರು 2500 ವರ್ಷ ಹಿಂದೆ ಇಲ್ಲಿನ ಜನ ನೀರಿನೊಳಗೆ ಮರದ ಕಂಬ ನೆಟ್ಟು, ಮೇಲೆ ಹುಲ್ಲಿನ ದುಂಡು ಮನೆ ಕಟ್ಟಿಕೊಂಡು ಇದ್ದರು, ಅದಕ್ಕೇ ಕ್ರ್ಯಾನಗ್ ಅನ್ನುವುದು. ಸರೋವರದ ತಳದಲ್ಲಿ ಸಿಕ್ಕ ಸಾಮಾನುಗಳಲ್ಲಿ ಒಂದು ಮರದ ಬಟ್ಟಲು ಇದೆ, ಅದರಲ್ಲಿ ಬೆಣ್ಣೆಯ ಉಳಿಕೆ ಅಂಟಿಕೊಂಡಿತ್ತು. ಅಷ್ಟು ವರ್ಷ ಹಿಂದಿನ ಬೆಣ್ಣೆ! 2021ರಲ್ಲಿ ಅವರು ಕಟ್ಟಿದ್ದ ಮಾದರಿ ಮನೆ ಸುಟ್ಟುಹೋಯಿತು, 2024ರಲ್ಲಿ ಹೊಸ ಜಾಗದಲ್ಲಿ ಮತ್ತೆ ತೆರೆದರು. ಸುಮ್ಮನೆ ನೋಡುವ ಮ್ಯೂಸಿಯಂ ಅಲ್ಲ. ಮರ ಉಜ್ಜಿ ಕಿಡಿ ಎಬ್ಬಿಸಿ ತೋರಿಸುತ್ತಾರೆ, ನೂಲುತ್ತಾರೆ. ನಮ್ಮ ಹುಡುಗ ಅಲ್ಲಿಂದ ಬಂದು ಒಂದು ವಾರ ಮನೆಯಲ್ಲಿ ಕಡ್ಡಿ ಉಜ್ಜುತ್ತಿದ್ದ.

ಜೂನ್ ಕೊನೆಯಿಂದ ಬ್ಲೇರ್‌ಗೌರಿ ಸುತ್ತ ಸ್ಟ್ರಾಬೆರಿ, ರಾಸ್ಪ್‌ಬೆರಿ ತೋಟಗಳಲ್ಲಿ ನೀವೇ ಕಿತ್ತುಕೊಳ್ಳಬಹುದು. ಡಬ್ಬಿಗಿಂತ ಹೊಟ್ಟೆಗೇ ಜಾಸ್ತಿ ಹೋಗುತ್ತದೆ, ತೋಟದವರಿಗೂ ಅದು ಗೊತ್ತು.

ನಾಯಿ ಕುರಿ ಕಾಯೋದನ್ನ ದುಡ್ಡು ಕೊಟ್ಟು ನೋಡ್ಬೇಕಾ?

ನಾನೂ ಹಾಗೇ ಕೇಳಿದ್ದೆ. ಒಂದು ಗಂಟೆ ಉತ್ತರಕ್ಕೆ ಕಿನ್‌ಕ್ರೇಗ್ ಹತ್ತಿರದ ಒಂದು ಫಾರ್ಮಿನಲ್ಲಿ ನೋಡಿದ ಮೇಲೆ ಬಾಯಿ ಮುಚ್ಚಿಕೊಂಡೆ. ಕುರುಬ ಒಂದು ಕಡೆ ನಿಂತಿರುತ್ತಾನೆ, ಐದಾರು ಬಾರ್ಡರ್ ಕೋಲಿ ನಾಯಿಗಳು ಹುಲ್ಲಿಗೆ ಹೊಟ್ಟೆ ತಾಗಿಸಿ ಮಲಗಿರುತ್ತವೆ. "ಕಮ್ ಬೈ" ಅಂದರೆ ಕುರಿಗಳ ಸುತ್ತ ಗಡಿಯಾರದ ಮುಳ್ಳಿನ ದಿಕ್ಕಿಗೆ ಓಡಬೇಕು, "ಅವೇ" ಅಂದರೆ ಅದರ ಉಲ್ಟಾ. ದೂರ ಹೋದ ಮೇಲೆ ಮಾತಿಲ್ಲ, ಬರೀ ಸಿಳ್ಳೆ. ಪ್ರತಿ ನಾಯಿಗೂ ಅದರದ್ದೇ ಬೇರೆ ಸಿಳ್ಳೆ! ಒಂದು ನಾಯಿ ಎಡಕ್ಕೆ ಓಡುವಾಗ ಪಕ್ಕದ್ದು ಕದಲುವುದಿಲ್ಲ, ಆದರೆ ಕಿವಿ ಮಾತ್ರ ನಡುಗುತ್ತಿರುತ್ತದೆ, ನನ್ನ ಸರದಿ ಯಾವಾಗ ಅಂತ. ಕೊನೆಗೆ "ದಟ್ಲ್ ಡೂ" ಅಂದ ತಕ್ಷಣ ಎಲ್ಲ ಬಿಟ್ಟು ಯಜಮಾನನ ಕಾಲ ಬುಡಕ್ಕೆ.

ನಮ್ಮಲ್ಲಿ ಯಾರೂ ವಿಸ್ಕಿ ಕುಡಿಯಲ್ಲ. ಡಿಸ್ಟಿಲರಿಗೆ ಹೋಗ್ಬೇಕಾ?

ಒಂದಕ್ಕೆ ಹೋಗಿ, ಎರಡು ಬೇಡ. ಪಿಟ್‌ಲಾಖ್ರಿಯ ಬ್ಲೇರ್ ಅಥಾಲ್ ಡಿಸ್ಟಿಲರಿ 1798ರದ್ದು. ಬಾರ್ಲಿ ನೆನೆಸಿ ಮೊಳಕೆ ಬರಿಸುವುದು, ಹುಳಿ ಬರಿಸುವುದು, ತಾಮ್ರದ ದೊಡ್ಡ ಹಂಡೆಯಲ್ಲಿ ಭಟ್ಟಿ ಇಳಿಸುವುದು, ಎಲ್ಲ ನಮಗೆ ಅರ್ಥ ಆಗುವ ಕೆಲಸವೇ. ಸ್ಕಾಚ್ ಅಂತ ಕರೆಯಬೇಕಾದರೆ ಸ್ಕಾಟ್ಲೆಂಡಿನಲ್ಲೇ ಓಕ್ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಇಟ್ಟಿರಬೇಕು. ಚಿಕ್ಕ ಮಕ್ಕಳನ್ನು ಒಳಗೆ ಬಿಡದ ಕಡೆಗಳಿವೆ, ಮೊದಲೇ ಕೇಳಿ. ಕುಡಿಯುವವರಿಗೆ ಒಂದು ಮಾತು: ಇಲ್ಲಿ ಕುಡಿದು ಓಡಿಸುವ ಮಿತಿ ಇಂಗ್ಲೆಂಡಿಗಿಂತ ಬಿಗಿ, 100 ಮಿಲಿಲೀಟರ್ ರಕ್ತದಲ್ಲಿ 50 ಮಿಲಿಗ್ರಾಂ. ಡ್ರೈವರ್‌ಗೆ ಸಣ್ಣ ಶೀಶೆಯಲ್ಲಿ ಹಾಕಿ ಕೊಡಿ ಅಂದರೆ ಸಾಮಾನ್ಯವಾಗಿ ಕೊಡುತ್ತಾರೆ. ರೂಮಿಗೆ ಬಂದು ಕುಡಿಯಲಿ.

ಹೈಲ್ಯಾಂಡ್ ಗೇಮ್ಸ್ ಅಂದರೆ ಏನು, ಜಾತ್ರೆ ತರಹವಾ?

ಹೂಂ, ಜಾತ್ರೆಯೇ, ದೇವರೊಬ್ಬ ಇಲ್ಲ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಒಂದೊಂದು ಊರಿನದ್ದು ಒಂದೊಂದು ವಾರ. ಬ್ರೇಮಾರ್‌ನದ್ದು ಸೆಪ್ಟೆಂಬರ್ ಮೊದಲ ಶನಿವಾರ, ರಾಜಮನೆತನದವರೂ ಬರುತ್ತಾರೆ, ಹಾಗಾಗಿ ನೂಕುನುಗ್ಗಲು. ಚಿಕ್ಕ ಊರಿನದ್ದು ನೋಡಿ. ಒಂದು ಮೂಲೆಯಲ್ಲಿ ಬ್ಯಾಗ್‌ಪೈಪ್, ಇನ್ನೊಂದರಲ್ಲಿ ಹುಡುಗಿಯರ ನೃತ್ಯ, ನಡುವೆ ದಡಿಯರು ಮರದ ದಿಮ್ಮಿ ಎಸೆಯುತ್ತಿರುತ್ತಾರೆ. ಎಲ್ಲರೂ ತಪ್ಪು ತಿಳಿಯುವುದು ಇಲ್ಲೇ: ದಿಮ್ಮಿ ಎಷ್ಟು ದೂರ ಹೋಯಿತು ಅನ್ನುವುದು ಲೆಕ್ಕವಿಲ್ಲ. ಅದು ಗಾಳಿಯಲ್ಲಿ ತಲೆಕೆಳಗಾಗಿ, ಎಸೆದವನ ಎದುರಿಗೆ ಗಡಿಯಾರದ ಹನ್ನೆರಡರ ಮುಳ್ಳಿನ ಹಾಗೆ ನೇರ ಬೀಳಬೇಕು.

ಸೊಳ್ಳೆ ಇದೆಯಾ? ಒಡೋಮಸ್ ತರೋದಾ?

ಸೊಳ್ಳೆಗಿಂತ ಸಣ್ಣದು, ಮಿಡ್ಜ್ ಅಂತ. ಸಾಸಿವೆ ಕಾಳಿಗಿಂತ ಚಿಕ್ಕ ಹುಳ, ಒಂದಲ್ಲ, ಮೋಡದ ಹಾಗೆ ಬರುತ್ತವೆ. ಮೇ ಕೊನೆಯಿಂದ ಸೆಪ್ಟೆಂಬರ್‌ವರೆಗೆ, ಬೆಳಿಗ್ಗೆ ಮತ್ತು ಸಂಜೆ, ಗಾಳಿ ಇಲ್ಲದ ತೇವದ ಜಾಗದಲ್ಲಿ. ಗಂಟೆಗೆ ಹತ್ತು ಹನ್ನೊಂದು ಕಿಲೋಮೀಟರ್ ಗಾಳಿ ಬೀಸಿದರೆ ಅವಕ್ಕೆ ಹಾರಲು ಆಗುವುದಿಲ್ಲ, ಆದ್ದರಿಂದ ಗಾಳಿ ಇರುವ ಕಡೆ ಕೂತು ತಿನ್ನಿ. ಇಲ್ಲಿಯ ಔಷಧಿ ಅಂಗಡಿಯಲ್ಲಿ ಸ್ಮಿಡ್ಜ್ ಅನ್ನೋ ಸ್ಪ್ರೇ ಸಿಗುತ್ತದೆ, ಅದನ್ನೇ ತಗೊಳ್ಳಿ. ತಲೆಗೆ ಹಾಕುವ ಬಲೆ ನೋಡಿ ನಗಬೇಡಿ, ಒಂದು ಸಂಜೆ ಸರೋವರದ ಪಕ್ಕ ನಿಂತರೆ ನೀವೂ ಕೊಳ್ಳುತ್ತೀರಿ.

ಮಿಡ್ಜ್ ಬರೀ ಕಾಟ ಅಷ್ಟೇ. ನಿಜವಾಗಿ ಎಚ್ಚರ ಬೇಕಾದದ್ದು ಉಣುಗಿನ ಬಗ್ಗೆ. ಮಂಗನಕಾಯಿಲೆ ಕಂಡ ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಇಲ್ಲಿಯ ಕೆಲವು ಉಣುಗುಗಳಿಂದ ಲೈಮ್ ಕಾಯಿಲೆ ಬರುತ್ತದೆ. ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸಿ ನಡೆಯಿರಿ, ಸಂಜೆ ಮಂಡಿಯ ಹಿಂದೆ, ಕಂಕುಳು, ಮಕ್ಕಳ ಕೂದಲ ಅಂಚು ನೋಡಿ. ಕಂಡರೆ ಎಣ್ಣೆ, ಬೆಂಕಿಕಡ್ಡಿ ಏನೂ ಬೇಡ, ಅದಕ್ಕೇ ಇರುವ ಪ್ಲಾಸ್ಟಿಕ್ ಕೊಕ್ಕೆಯಿಂದ ತೆಗೆಯಿರಿ. ಆಮೇಲಿನ ವಾರಗಳಲ್ಲಿ ಅಲ್ಲಿ ಕೆಂಪಗೆ ಉಂಗುರದ ಹಾಗೆ ಹರಡಿದರೆ ತಡ ಮಾಡದೆ ಡಾಕ್ಟರ ಹತ್ತಿರ ಹೋಗಿ. ಊರಿಗೆ ವಾಪಸ್ ಹೋದ ಮೇಲಾದರೂ ಸ್ಕಾಟ್ಲೆಂಡಿನಲ್ಲಿ ಉಣುಗು ಕಚ್ಚಿತ್ತು ಅಂತ ಬಾಯಿಬಿಟ್ಟು ಹೇಳಿ.

ಇಡೀ ದಿನ ಮಳೆ ಹಿಡಿದುಬಿಟ್ಟರೆ?

ಅಬರ್‌ಫೆಲ್ಡಿಯಲ್ಲಿ ಬರ್ಕ್ಸ್ ಸಿನಿಮಾ ಅಂತ ಪುಟ್ಟ ಟಾಕೀಸಿದೆ. ಮುಚ್ಚಿಹೋಗಿದ್ದನ್ನು ಊರಿನವರೇ ದುಡ್ಡು ಸೇರಿಸಿ 2013ರಲ್ಲಿ ಮತ್ತೆ ತೆರೆದರು. ಬ್ಲೇರ್ ಕೋಟೆಯೂ ಒಳ್ಳೆಯದು. ಅಲ್ಲಿನ ಡ್ಯೂಕ್‌ಗೆ ಸ್ವಂತ ಸೈನ್ಯ ಇದೆ, ಯುರೋಪಿನಲ್ಲಿ ಉಳಿದಿರುವ ಒಂದೇ ಖಾಸಗಿ ಸೈನ್ಯ ಅಂತೆ. ಅಥವಾ ನಾನು ಮಾಡುವ ಹಾಗೆ, ರೇನ್‌ಕೋಟು ಹಾಕಿಕೊಂಡು ಜಲಪಾತಕ್ಕೆ ಹೋಗಿ, ಜಲಪಾತ ನೋಡಬೇಕಾದ್ದೇ ಅವತ್ತು. ಅಬರ್‌ಫೆಲ್ಡಿ ಬರ್ಕ್ಸ್ ಅನ್ನೋ ಬರ್ಚ್ ಮರಗಳ ಕಣಿವೆಯಲ್ಲಿ ಸುಮಾರು 4 ಕಿಲೋಮೀಟರ್ ಸುತ್ತು. ಕವಿ ರಾಬರ್ಟ್ ಬರ್ನ್ಸ್ 1787ರಲ್ಲಿ ಇಲ್ಲಿ ಬಂದು ಹಾಡು ಕಟ್ಟಿದ. ಈಗ ಕಂಚಿನ ಮೂರ್ತಿಯಾಗಿ ಬೆಂಚಿನ ಮೇಲೆ ಕೂತಿದ್ದಾನೆ, ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ ಬಿಟ್ಟು.

## ಇನ್ನೂ ಸ್ವಲ್ಪ ಒಳಗೆ ಹೋಗುವವರಿಗೆ

ಯಾರದೋ ಹೊಲದಲ್ಲಿ ನಡೆದು ಹೋದರೆ ಬೈಯಲ್ವಾ? ಬೇಲಿ ಇರುತ್ತಲ್ಲ?

ಇದು ನನಗೆ ಸ್ಕಾಟ್ಲೆಂಡಿನ ಬಗ್ಗೆ ತುಂಬ ಇಷ್ಟವಾದ ಸಂಗತಿ. 2003ರ ಭೂ ಸುಧಾರಣಾ ಕಾಯ್ದೆಯ ಪ್ರಕಾರ ಗುಡ್ಡ, ಕಾಡು, ಹುಲ್ಲುಗಾವಲು, ನದಿ, ಸರೋವರ ಯಾರದೇ ಆಗಿರಲಿ, ನೀವು ನಡೆಯಬಹುದು, ಸೈಕಲ್ ಹೊಡೆಯಬಹುದು, ಈಜಬಹುದು. ಇಂಗ್ಲೆಂಡಿನಲ್ಲಿ ಇಷ್ಟು ಸಲೀಸಿಲ್ಲ. ಷರತ್ತು ಒಂದೇ, ಜವಾಬ್ದಾರಿಯಿಂದ ನಡೆದುಕೊಳ್ಳಬೇಕು. ಮನೆಯ ಅಂಗಳ, ತೋಟಕ್ಕೆ ನುಗ್ಗುವಂತಿಲ್ಲ. ಬೆಳೆ ಇರುವ ಹೊಲದಲ್ಲಿ ಬದುವಿನ ಮೇಲೆ ಹೋಗಬೇಕು. ಮೋಟಾರ್ ಗಾಡಿಗೆ ಈ ಹಕ್ಕಿಲ್ಲ.

ಗೇಟು ಹೇಗಿತ್ತೋ ಹಾಗೇ ಬಿಡಿ: ಮುಚ್ಚಿದ್ದರೆ ಮುಚ್ಚಿ, ತೆರೆದಿದ್ದರೆ ತೆರೆದೇ ಬಿಡಿ, ನಿಮ್ಮ ಬುದ್ಧಿ ಉಪಯೋಗಿಸಬೇಡಿ. ಏಪ್ರಿಲ್, ಮೇ ಕುರಿಗಳು ಮರಿ ಹಾಕುವ ಕಾಲ, ಒಂಟಿ ಮರಿ ಕಂಡರೆ ಪಾಪ ಅಂತ ಎತ್ತಿಕೊಳ್ಳಬೇಡಿ, ತಾಯಿ ಅಲ್ಲೇ ಎಲ್ಲೋ ಇರುತ್ತದೆ. ಕರು ಜೊತೆಗಿರುವ ಹಸುಗಳಿಂದ ದೂರ ಹೋಗಿ. ನಮಗೆ ಹಸು ಕಂಡರೆ ಹತ್ತಿರ ಹೋಗಿ ಹಣೆ ಮುಟ್ಟಿ ನಮಸ್ಕಾರ ಮಾಡುವ ಅಭ್ಯಾಸ, ಇಲ್ಲಿನ ಹಸುಗಳಿಗೆ ಆ ಅಭ್ಯಾಸ ಇಲ್ಲ. ಕಣ್ಣು ಮುಚ್ಚುವಷ್ಟು ಕೂದಲಿನ ಕೆಂಪು ಹೈಲ್ಯಾಂಡ್ ಹಸು ಎಷ್ಟೇ ಮುದ್ದಾಗಿದ್ದರೂ ಬೇಲಿಯ ಈಚೆಯಿಂದಲೇ ಫೋಟೋ.

ಹಾಗಾದರೆ ಎಲ್ಲಿ ಬೇಕಾದರೂ ಟೆಂಟ್ ಹಾಕಬಹುದಾ?

ಹೆಚ್ಚುಕಮ್ಮಿ ಹೌದು. ಚಿಕ್ಕ ಗುಂಪು, ಒಂದೇ ಜಾಗದಲ್ಲಿ ಎರಡು ಮೂರು ರಾತ್ರಿ, ಮನೆ ಮತ್ತು ರಸ್ತೆಯಿಂದ ದೂರ. ಕಾರು ಪಕ್ಕದಲ್ಲೇ ನಿಲ್ಲಿಸಿ ಹಾಕುವುದು ಇದರೊಳಗೆ ಬರುವುದಿಲ್ಲ. ಲಾಖ್ ಲೋಮಂಡ್ ನ್ಯಾಷನಲ್ ಪಾರ್ಕಿನ ಕೆಲವು ಸರೋವರಗಳ ದಡದಲ್ಲಿ ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗೆ ಪರ್ಮಿಟ್ ಬೇಕು. ಬೆಂಕಿ ಹಾಕಬೇಡಿ, ಇಲ್ಲಿನ ನೆಲದಲ್ಲಿ ಪೀಟ್, ಅಂದರೆ ಗಿಡಗಳು ಕೊಳೆತು ಆದ ಉರಿಯುವ ಮಣ್ಣು, ಇರುತ್ತದೆ, ಮೇಲೆ ಆರಿದ ಹಾಗೆ ಕಂಡು ಒಳಗೆ ಉರಿಯುತ್ತಲೇ ಇರುತ್ತದೆ.

ಒಂದಾದರೂ ಮನ್ರೋ ಹತ್ತಬೇಕು ಅಂತ ಆಸೆ. ಕುಮಾರಪರ್ವತ ಹತ್ತಿದ್ದೀನಿ, ಸಾಕಲ್ವಾ?

ಕಾಲಿಗೆ ಸಾಕು, ಹವಾಮಾನಕ್ಕೆ ಸಾಲದು. ಮನ್ರೋ ಅಂದರೆ 3000 ಅಡಿ ಮೀರಿದ ಬೆಟ್ಟ. 1891ರಲ್ಲಿ ಹ್ಯೂ ಮನ್ರೋ ಪಟ್ಟಿ ಮಾಡಿದ್ದರಿಂದ ಆ ಹೆಸರು, ಈಗಿನ ಲೆಕ್ಕ 282. ಟೇ ಸರೋವರದ ಮೇಲಿನ ಬೆನ್ ಲಾಯರ್ಸ್ 1214 ಮೀಟರ್, ಅಂದರೆ 4000 ಅಡಿಗೆ ಸ್ವಲ್ಪದರಲ್ಲಿ ಕಮ್ಮಿ. ಈ ಕೊರತೆ ತಡೆಯಲಾಗದೆ 1878ರಲ್ಲಿ ಒಂದಿಷ್ಟು ಜನ ಮೇಲೆ ಹೋಗಿ ಇಪ್ಪತ್ತು ಅಡಿ ಕಲ್ಲಿನ ಗುಪ್ಪೆ ಕಟ್ಟಿ ಲೆಕ್ಕ ಸರಿ ಮಾಡಿದರು. ಸರ್ವೆಯವರು ಒಪ್ಪಲಿಲ್ಲ, ಆಮೇಲೆ ಗುಪ್ಪೆಯೂ ಬಿದ್ದುಹೋಯಿತು.

ಕೆಳಗೆ ಬಿಸಿಲಿದ್ದಾಗ ಮೇಲೆ ಹತ್ತು ಅಡಿ ಕಾಣದ ಮಂಜಿರಬಹುದು, ಮೇ ತಿಂಗಳಲ್ಲೂ ಹಿಮ ಬೀಳಬಹುದು. ಕಾಗದದ ಮ್ಯಾಪು, ದಿಕ್ಸೂಚಿ, ಟಾರ್ಚು, ಬೆಚ್ಚನೆ ಬಟ್ಟೆ ಇರಲಿ, ಫೋನ್ ಸಿಗ್ನಲ್ ನಂಬಬೇಡಿ. ತೊಂದರೆ ಆದರೆ 999 ಒತ್ತಿ ಮೊದಲು ಪೊಲೀಸ್ ಕೇಳಿ, ಆಮೇಲೆ ಮೌಂಟನ್ ರೆಸ್ಕ್ಯೂ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಹಿಮದ ಅಭ್ಯಾಸ ಇಲ್ಲದವರು ಆಸೆ ಬಿಡಿ.

ಭೂಮಿಯನ್ನ ತೂಕ ಹಾಕಿದ ಬೆಟ್ಟ ಅಲ್ಲೇ ಇದೆಯಂತೆ?

ಅದು ಶಿಹ್ಯಾಲಿಯನ್, 1083 ಮೀಟರ್. ಒಂದು ಕಡೆಯಿಂದ ನೋಡಿದರೆ ಅಕ್ಕಿ ರಾಶಿ ಹಾಕಿದ ಹಾಗೆ ಸಮವಾಗಿದೆ, ಅದಕ್ಕೇ ಆರಿಸಿದ್ದು. 1774ರಲ್ಲಿ ಖಗೋಳ ವಿಜ್ಞಾನಿ ನೆವಿಲ್ ಮಸ್ಕಲೀನ್ ಬೆಟ್ಟದ ಎರಡೂ ಮಗ್ಗುಲಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಕೂತ. ತೂಗುಗುಂಡು ನೇರ ಕೆಳಗೆ ತೋರಿಸುವುದರ ಬದಲು ಬೆಟ್ಟದ ಕಡೆಗೆ ಕೂದಲೆಳೆಯಷ್ಟು ವಾಲುತ್ತದೆ, ಬೆಟ್ಟವೂ ಅದನ್ನು ಎಳೆಯುವುದರಿಂದ. ಆ ವಾಲಿಕೆಯನ್ನು ನಕ್ಷತ್ರಗಳ ಲೆಕ್ಕದಿಂದ ಅಳೆದರೆ ಭೂಮಿ ಎಷ್ಟು ಭಾರ ಅಂತ ತಿಳಿಯುತ್ತದೆ. ಉತ್ತರ ಬಂದದ್ದು ನೀರಿನ 4.5 ಪಟ್ಟು ಸಾಂದ್ರತೆ. ಇವತ್ತಿನ ಲೆಕ್ಕ 5.5. ಮಂಜಿನಲ್ಲಿ ಕೂತು ಮಾಡಿದ್ದಕ್ಕೆ ಬಹಳ ಹತ್ತಿರ. ಬೆಟ್ಟದ ಆಕಾರ ಲೆಕ್ಕ ಹಾಕಲು ಗಣಿತಜ್ಞ ಚಾರ್ಲ್ಸ್ ಹಟನ್ ಸಮಾನ ಎತ್ತರದ ಜಾಗಗಳನ್ನು ಗೆರೆ ಎಳೆದು ಸೇರಿಸಿದ, ಇವತ್ತು ನಿಮ್ಮ ಟ್ರೆಕಿಂಗ್ ಮ್ಯಾಪಿನಲ್ಲಿರುವ ಸುತ್ತುಗೆರೆಗಳು ಅದೇ ಜಾತಿಯವು. ಹೋಗಿ ಬರಲು ಸುಮಾರು 10 ಕಿಲೋಮೀಟರ್, ಕೊನೆಯ ಭಾಗ ಪೂರ್ತಿ ಕಲ್ಲುಗುಂಡು.

ಕಾಡುಪ್ರಾಣಿ ಏನು ಕಾಣುತ್ತೆ? ಕಬಿನಿ ತರಹ ಸಫಾರಿ ಇದೆಯಾ?

ಆನೆ, ಹುಲಿ ಕಂಡವರು ಇಲ್ಲಿಗೆ ಬಂದು ಕೆಂಪು ಅಳಿಲು ನೋಡಿ ಕುಣಿಯುತ್ತಾರೆ, ಅದೇ ತಮಾಷೆ. ಡಂಕೆಲ್ಡ್ ಪಕ್ಕದ ಲಾಖ್ ಆಫ್ ದ ಲೋಸ್‌ನಲ್ಲಿ ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಆಸ್ಪ್ರೇ ಅನ್ನೋ ಮೀನುಹದ್ದುಗಳು ಗೂಡು ಕಟ್ಟುತ್ತವೆ, ಪಶ್ಚಿಮ ಆಫ್ರಿಕಾದಿಂದ ಹಾರಿ ಬಂದವು. ಟೇ ನದಿಯ ಉದ್ದಕ್ಕೂ ಬೀವರ್ ಇವೆ, ಹಲ್ಲಿನಿಂದ ಮರ ಕಡಿಯುವ, ಇಲಿ ಜಾತಿಯ ದೊಡ್ಡ ಪ್ರಾಣಿ. 2019ರಿಂದ ಕಾನೂನಿನ ರಕ್ಷಣೆ ಸಿಕ್ಕಿದೆ. ಪ್ರಾಣಿ ಕಾಣದಿದ್ದರೂ ಅದರ ಕೆಲಸ ಕಾಣುತ್ತದೆ: ದಡದ ಮರದ ಬುಡ ಪೆನ್ಸಿಲ್ ಚೂಪು ಮಾಡಿದ ಹಾಗೆ ಕಡಿದಿರುತ್ತದೆ, ಸುತ್ತ ದೊಡ್ಡ ದೊಡ್ಡ ಚಕ್ಕೆಗಳು, ಪ್ರತಿ ಚಕ್ಕೆಯಲ್ಲೂ ಹಲ್ಲಿನ ಗುರುತು. ಬೇಸಿಗೆ ಸಂಜೆ, ಗದ್ದಲ ಮಾಡದೆ ದಡದಲ್ಲಿ ಕೂತರೆ ಅದೃಷ್ಟ ಇರಬಹುದು. ಮಿಡ್ಜ್ ಇದ್ದೇ ಇರುತ್ತವೆ.

ನಮ್ಮ ಕಡೆಗೂ ಆ ಊರುಗಳಿಗೂ ಏನಾದ್ರೂ ಸಂಬಂಧ ಇದೆಯಾ?

ಇದೆ, ಅಷ್ಟು ಸಿಹಿಯಾದದ್ದಲ್ಲ. ಅಬರ್‌ಫೆಲ್ಡಿಯಲ್ಲಿ 1733ರ ಹಳೇ ಕಲ್ಲಿನ ಸೇತುವೆ ಪಕ್ಕ, ಕಲ್ಲುಗುಪ್ಪೆಯ ಮೇಲೆ ಸಿಪಾಯಿಯ ಮೂರ್ತಿ ಇದೆ. ಬ್ರಿಟಿಷ್ ಸೈನ್ಯದ ಬ್ಲ್ಯಾಕ್ ವಾಚ್ ಅನ್ನೋ ಪಡೆ 1740ರಲ್ಲಿ ಮೊದಲು ಜಮಾಯಿಸಿದ್ದು ಇಲ್ಲೇ, ಟೇ ನದಿ ದಡದಲ್ಲಿ. ಆ ಪಡೆಯ ಎರಡನೇ ದಳ 1783ರಲ್ಲಿ ಮಂಗಳೂರಿನ ಕೋಟೆಯೊಳಗೆ ಇದ್ದಾಗ ಟಿಪ್ಪು ಸುಲ್ತಾನ್ ಮುತ್ತಿಗೆ ಹಾಕಿ ತಿಂಗಳುಗಟ್ಟಲೆ ಕೂತ. ಪಡೆಯ ಯುದ್ಧಗೌರವಗಳ ಪಟ್ಟಿಯಲ್ಲಿ ಇವತ್ತಿಗೂ ಮಂಗಳೂರು, ಮೈಸೂರು, ಶ್ರೀರಂಗಪಟ್ಟಣ ಮೂರೂ ಹೆಸರಿವೆ.

ಅಲ್ಲಿಂದ ದಕ್ಷಿಣಕ್ಕೆ ಕ್ರೀಫ್ ಊರಿನ ಪಶ್ಚಿಮದಲ್ಲಿ ಒಂದು ಗುಡ್ಡದ ಮೇಲೆ ಈಜಿಪ್ಟಿನ ಮಾದರಿಯ ಎತ್ತರದ ಕಲ್ಲುಕಂಬ ಕಾಣುತ್ತದೆ. 1832ರದ್ದು, ಡೇವಿಡ್ ಬೇರ್ಡ್ ನೆನಪಿಗೆ ಅವನ ಹೆಂಡತಿ ನಿಲ್ಲಿಸಿದ್ದು. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಗೆ ನುಗ್ಗಿದ ಸೈನ್ಯದ ಮುಂದಿದ್ದವನು ಅವನೇ. ಅದಕ್ಕೂ ಮುಂಚೆ, 1780ರಲ್ಲಿ ಪೊಲ್ಲಿಲೂರಿನಲ್ಲಿ ಸೋತು ಸೆರೆಸಿಕ್ಕಿ, ಅದೇ ಶ್ರೀರಂಗಪಟ್ಟಣದ ಸೆರೆಮನೆಯಲ್ಲಿ ಸಂಕೋಲೆ ಹಾಕಿಸಿಕೊಂಡು ಸುಮಾರು ನಾಲ್ಕು ವರ್ಷ ಕಳೆದಿದ್ದ. ಮಂಡ್ಯದ ಕಡೆಯವರನ್ನು ನಾನು ಇಲ್ಲಿಗೆ ಕರೆತಂದರೆ ಕಂಬದ ಬುಡದಲ್ಲಿ ಒಂದು ವಾದ ಗ್ಯಾರಂಟಿ. ಕೈದಿಗಳನ್ನು ಇಬ್ಬಿಬ್ಬರಂತೆ ಬಿಗಿದಿದ್ದಾರೆ ಅನ್ನುವ ಸುದ್ದಿ ಸ್ಕಾಟ್ಲೆಂಡಿನ ಮನೆಗೆ ಮುಟ್ಟಿದಾಗ, ಮಗನ ಮುಂಗೋಪ ಗೊತ್ತಿದ್ದ ಅವನ ತಾಯಿ, "ನಮ್ಮ ಡೇವಿ ಜೊತೆ ಕಟ್ಟಿಹಾಕಿಸಿಕೊಂಡವನ ಗತಿ ಏನೋ ಪಾಪ" ಅಂದಳಂತೆ.